ಕುತ್ತಿಗೆಯ ಗಂಟಿಗೆ ಹೆಸರಿಡುವ ಮುನ್ನ

ದವಡೆಯ ಕೆಳಗೋ ಕುತ್ತಿಗೆಯ ಪಕ್ಕದಲ್ಲೋ ಒಂದು ಗಂಟು ಕಾಣಿಸಿಕೊಂಡರೆ ನಮ್ಮ ಮನೆಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಒಂದೇ ಕ್ರಮ. ಮೊದಲು ಬಿಸಿನೀರಿನ ಶಾಖ, ಇಲ್ಲವೇ ಸುಣ್ಣ-ಬೆಲ್ಲದ ಪಟ್ಟು. ಅದಕ್ಕೆ ಬಗ್ಗದಿದ್ದರೆ ಔಷಧಿ ಅಂಗಡಿಯಲ್ಲಿ 'ಊತಕ್ಕೆ ಏನಾದರೂ ಕೊಡಿ' ಎಂದು ಕೇಳಿ ತಂದ ಐದು ದಿನದ ಆಂಟಿಬಯಾಟಿಕ್ ಮಾತ್ರೆ. ಗಂಟು ಸ್ವಲ್ಪ ಇಳಿಯುತ್ತದೆ, ಮನೆಯವರು ಮರೆಯುತ್ತಾರೆ. ತಿಂಗಳೊಪ್ಪತ್ತಿನಲ್ಲಿ 'ಏನ್ರೀ, ಆ ಗಂಟು ಮತ್ತೆ ಬಂದಿದೆಯಲ್ಲ' ಎಂದು ಯಾರಾದರೂ ಗಮನಿಸಿದಾಗ ಇನ್ನೊಂದು ಬಗೆಯ ಮಾತ್ರೆ ಶುರುವಾಗುತ್ತದೆ.

ನೆಗಡಿ, ಗಂಟಲುನೋವು, ಹಲ್ಲುನೋವು, ತಲೆಯ ಹೇನು, ಕಜ್ಜಿ ಇವುಗಳಿಂದ ಬರುವ ಗಂಟುಗಳು ಬಹುಪಾಲು ತಾವಾಗಿಯೇ ಇಳಿಯುತ್ತವೆ ಎಂಬುದು ನಿಜ. ಆದರೆ ಇಳಿಯದೆ ಉಳಿಯುವ, ಇಳಿದು ಮತ್ತೆ ಏಳುವ ಗಂಟುಗಳ ಹಿಂದೆ ಕೆಲವೊಮ್ಮೆ ಅಪರೂಪದ ಬ್ಯಾಕ್ಟೀರಿಯಾ ಸೋಂಕುಗಳು ಅಡಗಿರುತ್ತವೆ. ಅಪರೂಪ ಎಂದರೆ ನಮಗೆ ಬರುವುದೇ ಇಲ್ಲ ಎಂದರ್ಥವಲ್ಲ. ಬಂದಾಗ ರೋಗಿಗೂ ಹೊಳೆಯುವುದಿಲ್ಲ, ಎಷ್ಟೋ ಸಲ ವೈದ್ಯರಿಗೂ ಬೇಗ ಹೊಳೆಯುವುದಿಲ್ಲ ಎಂದರ್ಥ. ಇಂಥ ಸೋಂಕುಗಳಲ್ಲಿ ಹಲವಕ್ಕೆ ಒಳ್ಳೆಯ ಔಷಧಿಗಳಿವೆ. ಕಷ್ಟವಿರುವುದು ಅವನ್ನು ಗುರುತಿಸುವುದರಲ್ಲಿ. ಆ ಗುರುತಿಸುವ ಕೆಲಸದಲ್ಲಿ ರೋಗಿಯ ಮತ್ತು ಮನೆಯವರ ಪಾಲು ಏನು ಎಂಬುದನ್ನು ಈ ವಾರ ನೋಡೋಣ.

ಯಾವ ಗಂಟನ್ನು ತೋರಿಸಬೇಕು?

ನಮ್ಮ ಕುತ್ತಿಗೆಯಲ್ಲಿ ನೂರಾರು ಪುಟ್ಟ ದುಗ್ಧರಸ ಗ್ರಂಥಿಗಳಿವೆ. ಇವು ದೇಹದ ಕಾವಲು ಠಾಣೆಗಳಿದ್ದಂತೆ. ಬಾಯಿ, ಮೂಗು, ಗಂಟಲು, ನೆತ್ತಿಯ ಚರ್ಮ ಇಲ್ಲೆಲ್ಲ ಸೋಂಕು ತಗುಲಿದಾಗ ಆಯಾ ಭಾಗದ ಗ್ರಂಥಿ ಊದಿಕೊಂಡು ರೋಗಾಣುವಿನೊಂದಿಗೆ ಹೋರಾಡುತ್ತದೆ. ಎರಡು ಮೂರು ದಿನದಲ್ಲಿ ಊದಿ, ಮುಟ್ಟಿದರೆ ನೋವಾಗುವ, ಬೆರಳಿನಡಿ ಅತ್ತಿತ್ತ ಸರಿಯುವ, ಒಂದೆರಡು ವಾರದಲ್ಲಿ ಇಳಿದುಹೋಗುವ ಗಂಟು ಸಾಮಾನ್ಯವಾಗಿ ನಿರುಪದ್ರವಿ.

ಎರಡು ಮೂರು ವಾರ ಕಳೆದರೂ ಇಳಿಯದ ಗಂಟು, ದಿನೇ ದಿನೇ ದೊಡ್ಡದಾಗುವ ಗಂಟು, ಕಲ್ಲಿನಂತೆ ಅಥವಾ ಮರದ ಹಲಗೆಯಂತೆ ಗಟ್ಟಿಯಾಗಿ ಅಲುಗಾಡದೆ ಕೂತ ಗಂಟು, ಚರ್ಮದ ಮೇಲೆ ತೂತಾಗಿ ಕೀವು ಒಸರುವ ಗಂಟು, ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಧ್ವನಿ ಬದಲಾಗುವುದು, ನುಂಗಲು ಕಷ್ಟವಾಗುವುದು - ಇವುಗಳಲ್ಲಿ ಯಾವುದಿದ್ದರೂ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು.

ತಪ್ಪು ಹೆಸರಿನ ಒಂದು ರೋಗ

ತಲೆ-ಕುತ್ತಿಗೆಯ ಅಪರೂಪದ ಸೋಂಕುಗಳಲ್ಲಿ ಬಹಳ ಮೋಸ ಮಾಡುವುದು ಆಕ್ಟಿನೊಮೈಕೋಸಿಸ್. 1877ರಲ್ಲಿ ಜರ್ಮನಿಯ ಬೋಲಿಂಗರ್ ಎಂಬ ವಿಜ್ಞಾನಿ ದನಗಳ ದವಡೆಯ ಗಡ್ಡೆಯಲ್ಲಿ ಇದರ ರೋಗಾಣುವನ್ನು ವಿವರಿಸಿದರು. ಮರುವರ್ಷವೇ, 1878ರಲ್ಲಿ, ಬರ್ಲಿನ್‌ನ ಶಸ್ತ್ರವೈದ್ಯ ಜೇಮ್ಸ್ ಇಸ್ರೇಲ್ ಮನುಷ್ಯರಲ್ಲಿ ಈ ರೋಗವನ್ನು ವರ್ಣಿಸಿದರು. ಸೂಕ್ಷ್ಮದರ್ಶಕದಲ್ಲಿ ಸೂರ್ಯನ ಕಿರಣಗಳಂತೆ ಸುತ್ತಲೂ ಹರಡಿದ ಎಳೆಗಳು ಕಂಡದ್ದರಿಂದ 'ಕಿರಣದ ಅಣಬೆ' ಎಂಬರ್ಥದ ಹೆಸರು ಬಂತು. ಆಮೇಲೆ ಇದು ಅಣಬೆಯ ಜಾತಿಯಲ್ಲ, ಬ್ಯಾಕ್ಟೀರಿಯಾ ಎಂದು ತಿಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಕೆಂಗೇರಿಯ ಆಚೆ ಹಸು ಸಾಕಿರುವ ಮನೆಗಳವರು ಹೆದರಬೇಕಾಗಿಲ್ಲ. ದನಗಳಲ್ಲಿ ಇದನ್ನು ತರುವ ಜಾತಿ ಬೇರೆ, ಮನುಷ್ಯರಲ್ಲಿ ತರುವ ಜಾತಿ ಬೇರೆ. ಹುಲ್ಲುಕಡ್ಡಿ ಅಗಿಯುವುದರಿಂದ ಬರುತ್ತದೆಂದು ಹಿಂದೆ ನಂಬಿದ್ದರು, ಅದೂ ಸರಿಯಲ್ಲ. ಇದರ ರೋಗಾಣು ನಮ್ಮೆಲ್ಲರ ಬಾಯಲ್ಲೇ, ಹಲ್ಲಿನ ಪಾಚಿಯಲ್ಲಿ, ಒಸಡಿನ ಸಂದಿಯಲ್ಲಿ ಸದ್ದಿಲ್ಲದೆ ಬಾಳುತ್ತಿರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಹುಳುಕು ಹಲ್ಲು ಕೊಳೆತಾಗ, ಹಲ್ಲು ಕಿತ್ತಾಗ, ದವಡೆಗೆ ಪೆಟ್ಟು ಬಿದ್ದಾಗ ಒಳಚರ್ಮದಲ್ಲಿ ದಾರಿ ಸಿಕ್ಕರೆ ಆಳಕ್ಕೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರು, ಬಾಯಿಯ ಸ್ವಚ್ಛತೆ ಕಡಿಮೆ ಇರುವವರು, ದವಡೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಅಪಾಯ ಹೆಚ್ಚು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಬಸವೇಶ್ವರನಗರದಲ್ಲಿ ಮನೆ, ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ವಯಸ್ಸು 48, ಸಕ್ಕರೆ ಕಾಯಿಲೆ ಇದೆ. ಮೂರು ತಿಂಗಳ ಹಿಂದೆ ಕೆಳದವಡೆಯ ಹುಳುಕು ಹಲ್ಲು ಕೀಳಿಸಿದ್ದಾರೆ. ಗಾಯ ಮಾಯಿತು. ಕೆಲವು ವಾರಗಳ ನಂತರ ದವಡೆಯ ಮೂಲೆಯಲ್ಲಿ ಗಟ್ಟಿ ಊತ. ನೋವು ಅಷ್ಟಕ್ಕಷ್ಟೆ. ಮಾತ್ರೆ ತಿಂದಾಗ ಇಳಿಯುತ್ತದೆ, ಬಿಟ್ಟಾಗ ಏರುತ್ತದೆ. ಮೇಲಿನ ಚರ್ಮ ನೇರಳೆಗೆ ತಿರುಗಿದೆ. ಒಂದು ದಿನ ತೂತು ಬಿದ್ದು ಕೀವು ಒಸರಿತು, ಅದು ಮುಚ್ಚುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ತೂತು. ಹಲ್ಲು ಕೀಳಿಸಿದ್ದಕ್ಕೂ ಈ ಗಂಟಿಗೂ ನಂಟಿದೆ ಎಂದು ಅವರಿಗೆ ಅನ್ನಿಸಿಯೇ ಇಲ್ಲ. ಆದ್ದರಿಂದ ವೈದ್ಯರ ಮುಂದೆ ಆ ಮಾತನ್ನು ಎತ್ತಲೂ ಇಲ್ಲ. ಆಕ್ಟಿನೊಮೈಕೋಸಿಸ್ ನಡೆಯುವ ದಾರಿ ಹೆಚ್ಚುಕಡಿಮೆ ಹೀಗೆಯೇ.

ಇಲ್ಲೊಂದು ಸೂಕ್ಷ್ಮವಿದೆ. ಹಲ್ಲುನೋವಿಗೆ ಜನ ತಾವಾಗಿ ಕೊಳ್ಳುವ ಮಾತ್ರೆಗಳಲ್ಲಿ ಮೆಟ್ರೊನಿಡಜೋಲ್ ಒಂದು. ಬಾಯಿಯ ಎಷ್ಟೋ ರೋಗಾಣುಗಳನ್ನು ಅದು ಕೊಲ್ಲುತ್ತದೆ, ಆದರೆ ಆಕ್ಟಿನೊಮೈಸಿಸ್ ಮೇಲೆ ಅದರ ಆಟ ನಡೆಯುವುದಿಲ್ಲ. ಅಮಾಕ್ಸಿಸಿಲಿನ್ ಕೆಲಸ ಮಾಡುತ್ತದೆ, ಆದರೆ ಐದು ದಿನಕ್ಕೆ ಮುಗಿಯುವ ಕೆಲಸವಲ್ಲ ಅದು. ಅರ್ಧಕ್ಕೆ ನಿಂತ ಔಷಧಿ ರೋಗವನ್ನು ಗುಣಪಡಿಸುವುದಿಲ್ಲ, ಅದರ ಗುರುತನ್ನು ಮಾತ್ರ ಅಳಿಸುತ್ತದೆ.

ಕ್ಷಯವೋ, ಕ್ಯಾನ್ಸರೋ?

ಇಂಥ ಗಂಟನ್ನು ಕಂಡ ವೈದ್ಯರ ಮನಸ್ಸಿನಲ್ಲಿ ಮೊದಲು ಬರುವುದು ಎರಡು ಹೆಸರು. ಅದು ಸರಿಯೂ ಹೌದು, ಏಕೆಂದರೆ ಇವೆರಡೂ ಅಪರೂಪವಲ್ಲ.

ಮೊದಲನೆಯದು ಕ್ಷಯ. ನಮ್ಮ ಹಿರಿಯರು ಗಂಡಮಾಲೆ ಎಂದು ಕರೆಯುತ್ತಿದ್ದುದು ಬಹುಮಟ್ಟಿಗೆ ಕುತ್ತಿಗೆಯ ಗ್ರಂಥಿಗಳ ಕ್ಷಯವನ್ನೇ. ಮಾಲೆಯಂತೆ ಒಂದಕ್ಕೊಂದು ಅಂಟಿದ ಗಂಟುಗಳು, ಒಡೆದು ಒಸರುವ ಕೀವು, ಎಲ್ಲವೂ ಆಕ್ಟಿನೊಮೈಕೋಸಿಸ್ ಅನ್ನು ಹೋಲಬಹುದು. ಕ್ಷಯವನ್ನು ಪತ್ತೆಹಚ್ಚುವ ವಿಷಯದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಇಲ್ಲೇ ಬಳ್ಳಾರಿ ರಸ್ತೆಯಲ್ಲಿ ಆರಂಭವಾಯಿತು. ಕ್ಷಯಾಣುವಿನ ವಂಶವಾಹಿಯನ್ನು ಒಂದೆರಡು ಗಂಟೆಗಳಲ್ಲೇ ಗುರುತಿಸುವ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರದ ತಂತ್ರಜ್ಞಾನ ರೂಪುಗೊಂಡದ್ದು ರಾಜಾಜಿನಗರದ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯ ಪತ್ತೆಗೆ ಅದನ್ನು ಶಿಫಾರಸು ಮಾಡಿತು. ಗ್ರಂಥಿಯಿಂದ ತೆಗೆದ ದ್ರವವನ್ನು ಇಂಥದೇ ವಂಶವಾಹಿ ಪರೀಕ್ಷೆಗೆ ಒಳಪಡಿಸಬಹುದು. ಸರ್ಕಾರಿ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಇಷ್ಟೆಲ್ಲ ಸೌಕರ್ಯವಿದ್ದಾಗ 'ಬಹುಶಃ ಕ್ಷಯವಿರಬೇಕು, ಔಷಧಿ ಶುರುಮಾಡಿ ನೋಡೋಣ' ಎನ್ನುವ ಊಹೆಯ ಚಿಕಿತ್ಸೆಗೆ ಒಪ್ಪಿಕೊಳ್ಳುವ ಮೊದಲು 'ಗಂಟಿನ ಪರೀಕ್ಷೆ ಆಗಿದೆಯೇ ಡಾಕ್ಟ್ರೇ?' ಎಂದು ವಿನಯದಿಂದ ಕೇಳುವುದು ರೋಗಿಯ ಹಕ್ಕು. ಕ್ಷಯದ ಔಷಧಿಯನ್ನು ಕನಿಷ್ಠ ಆರು ತಿಂಗಳು ನುಂಗಬೇಕು. ಇಲ್ಲದ ಕ್ಷಯಕ್ಕೆ ಆರು ತಿಂಗಳು ಔಷಧಿ ತಿಂದರೆ ಇರುವ ರೋಗ ಆರು ತಿಂಗಳು ಬೆಳೆಯುತ್ತದೆ.

ಎರಡನೆಯದು ಕ್ಯಾನ್ಸರ್. ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ ಬಳಸುವವರ ಕುತ್ತಿಗೆಯ ಗಟ್ಟಿ ಗಂಟನ್ನು, ಅಲ್ಲವೆಂದು ಖಚಿತವಾಗುವವರೆಗೂ, ಕ್ಯಾನ್ಸರ್ ಎಂದೇ ಅನುಮಾನಿಸಬೇಕು. ಆಕ್ಟಿನೊಮೈಕೋಸಿಸ್ ಕೂಡ ಮರದಂತೆ ಗಟ್ಟಿಯಾಗಿ ಪಕ್ಕದ ಭಾಗಗಳಿಗೆ ಹಬ್ಬುವುದರಿಂದ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆಯೇ ಕಾಣಬಹುದು. ಎರಡನ್ನೂ ಬೇರ್ಪಡಿಸುವುದು ಗಂಟಿನ ಚೂರು ಮಾತ್ರ. 'ಸೂಜಿ ಹಾಕಿದರೆ, ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ' ಎಂಬ ಮಾತಿಗೆ ಹೆದರಿ ಎಷ್ಟೋ ಜನ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತಾರೆ. ಕುತ್ತಿಗೆಯ ಗಂಟಿಗೆ ಸಣ್ಣ ಸೂಜಿ ಹಾಕಿ ಜೀವಕೋಶ ತೆಗೆಯುವ ಎಫ್.ಎನ್.ಎ.ಸಿ. ಪರೀಕ್ಷೆ ವರ್ಷಗಳಿಂದ ಬಳಕೆಯಲ್ಲಿರುವ ಸುರಕ್ಷಿತ ಪರೀಕ್ಷೆ. ಹೆಸರು ತಿಳಿಯದೆ ಕಳೆದ ತಿಂಗಳುಗಳಿಂದ ಆಗುವ ಹಾನಿಯೇ ದೊಡ್ಡದು.

ಕರಾವಳಿಯ ಮಣ್ಣಿನಿಂದ

ಕರ್ನಾಟಕದ ಮಟ್ಟಿಗೆ ನೆನಪಿಡಬೇಕಾದ ಇನ್ನೊಂದು ಹೆಸರು ಮೆಲಿಯೊಯ್ಡೋಸಿಸ್. ಇದರ ರೋಗಾಣು ಮಣ್ಣು ಮತ್ತು ಕೆಸರು ನೀರಿನಲ್ಲಿ ಬದುಕುತ್ತದೆ. ಇದನ್ನು ಮೊದಲು ವಿವರಿಸಿದವರು ಆಗಿನ ಬರ್ಮಾದ ರಂಗೂನಿನಲ್ಲಿದ್ದ ವೈದ್ಯ ವಿಟ್‌ಮೋರ್ ಮತ್ತು ಅವರ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ, 1911-12ರಲ್ಲಿ. ನಮ್ಮಲ್ಲಿ ಉಡುಪಿ, ದಕ್ಷಿಣ ಕನ್ನಡ ಕಡೆಯ ರೋಗಿಗಳಲ್ಲಿ ಇದನ್ನು ಪತ್ತೆಹಚ್ಚಿ ಬೆಳಕಿಗೆ ತರುವುದರಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಬಹಳ ಕೆಲಸ ಮಾಡಿದೆ. ಹೆಚ್ಚಿನವರಿಗೆ ಇದು ತಗುಲುವುದು ಮಳೆಗಾಲದಲ್ಲಿ. ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ ಇರುತ್ತದೆ.

ರಾಜಾಜಿನಗರ, ವಿಜಯನಗರದವರಿಗೆ ಇದರ ಮಾತೇಕೆ ಎನ್ನಬಹುದು. ಇಲ್ಲಿನ ಎಷ್ಟೋ ಮನೆಗಳ ಬೇರು ಕರಾವಳಿಯಲ್ಲಿದೆ. ಮಳೆಗಾಲದಲ್ಲಿ ಊರಿಗೆ ಹೋಗಿ ಗದ್ದೆಗೆ ಇಳಿದು, ಕೆಸರಿನಲ್ಲಿ ಬರಿಗಾಲಲ್ಲಿ ನಡೆದು ಹಿಂತಿರುಗುವವರಿದ್ದಾರೆ. ಜ್ವರವೋ ಗಂಟೋ ಕಾಣಿಸಿಕೊಳ್ಳುವುದು ಬೆಂಗಳೂರಿಗೆ ಬಂದ ಮೇಲೆ. ಊರಿಗೆ ಹೋಗಿದ್ದ ಸಂಗತಿಯನ್ನು ರೋಗಿ ಹೇಳದಿದ್ದರೆ ಇಲ್ಲಿನ ವೈದ್ಯರಿಗೆ ಈ ಹೆಸರು ನೆನಪಾಗಲು ಕಾರಣವೇ ಇಲ್ಲ.

ಈ ರೋಗ ಶ್ವಾಸಕೋಶ, ಯಕೃತ್ತು, ಕೀಲು ಎಲ್ಲಿ ಬೇಕಾದರೂ ಕೀವು ತುಂಬಿಸಬಲ್ಲದು. ಕುತ್ತಿಗೆಯ ಗ್ರಂಥಿಗೆ ಬಂದಾಗ ಕ್ಷಯವೆಂದು ತಪ್ಪು ತಿಳಿಯುವುದುಂಟು. ಮಕ್ಕಳಲ್ಲಿ ಕಿವಿಯ ಮುಂದಿನ ಜೊಲ್ಲುಗ್ರಂಥಿಯಲ್ಲಿ ಕೀವು ತುಂಬಬಹುದು. ಥಾಯ್ಲೆಂಡಿನ ಮಕ್ಕಳಲ್ಲಿ ಈ ರೂಪ ಬಹಳ ಕಂಡುಬಂದಿದೆ. ಅದನ್ನು ಮಂಗನ ಬಾವು ಎಂದು ತಿಳಿದು ಸುಮ್ಮನಿರುವವರಿದ್ದಾರೆ. ಮಂಗನ ಬಾವು ವೈರಸ್‌ನಿಂದ ಬರುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ, ಕೀವಾಗುವುದಿಲ್ಲ. ಒಂದೇ ಕಡೆ ಊದಿ, ಕೆಂಪಾಗಿ, ಜ್ವರ ಬಿಡದೆ ಕೀವಿನತ್ತ ತಿರುಗಿದರೆ ಅದು ಬೇರೆಯೇ.

ಪ್ರಯೋಗಾಲಯದಲ್ಲೂ ಇದು ಮೋಸ ಮಾಡುತ್ತದೆ. ಸಾಮಾನ್ಯ ಕಲ್ಚರ್ ತಟ್ಟೆಯಲ್ಲೇ ಬೆಳೆಯುತ್ತದೆ, ಆದರೆ 'ಸ್ಯೂಡೊಮೊನಾಸ್' ಎಂಬ ಬೇರೆ ರೋಗಾಣುವೆಂದೋ ಹೊರಗಿನಿಂದ ಬಿದ್ದ ಕಸವೆಂದೋ ಬದಿಗೆ ಸರಿಸುವ ಸಾಧ್ಯತೆ ಇದೆ. 'ಮೆಲಿಯೊಯ್ಡೋಸಿಸ್ ಇರಬಹುದೇ ನೋಡಿ' ಎಂದು ವೈದ್ಯರು ಚೀಟಿಯಲ್ಲಿ ಬರೆದರೆ ಪ್ರಯೋಗಾಲಯದವರು ಅದಕ್ಕೆ ಬೇಕಾದ ಪರೀಕ್ಷೆಗಳನ್ನು ಮಾಡುತ್ತಾರೆ.

ಎರಡು ಸೀಸೆಗಳ ಪಾಠ

ಈಗ ಮುಖ್ಯ ವಿಷಯಕ್ಕೆ ಬರೋಣ. ಗಂಟಿನಿಂದ ತೆಗೆದ ಚೂರು ಎಲ್ಲಿಗೆ ಹೋಗುತ್ತದೆ?

ಬಯಾಪ್ಸಿ ಮಾಡಿದಾಗ ಚೂರನ್ನು ಫಾರ್ಮಲಿನ್ ದ್ರವ ತುಂಬಿದ ಸೀಸೆಗೆ ಹಾಕುವುದು ವಾಡಿಕೆ. ಅಂಗಾಂಶ ಕೆಡದಂತೆ ಅದು ಕಾಪಾಡುತ್ತದೆ. ಕ್ಯಾನ್ಸರ್ ಇದೆಯೇ, ಕ್ಷಯದ ಲಕ್ಷಣವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಲು ಇದು ಬೇಕೇ ಬೇಕು. ಆದರೆ ಫಾರ್ಮಲಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಸತ್ತ ರೋಗಾಣುವನ್ನು ಬೆಳೆಸಿ ಹೆಸರು ಕಂಡುಹಿಡಿಯಲು, ಯಾವ ಔಷಧಿಗೆ ಬಗ್ಗುತ್ತದೆಂದು ನೋಡಲು ಸಾಧ್ಯವಿಲ್ಲ. ಆದ್ದರಿಂದ ಸೋಂಕಿನ ಅನುಮಾನವಿರುವ ಗಂಟಿನ ಚೂರು ಎರಡು ಸೀಸೆಗಳಿಗೆ ಹೋಗಬೇಕು. ಒಂದು ಫಾರ್ಮಲಿನ್‌ನಲ್ಲಿ, ಇನ್ನೊಂದು ಫಾರ್ಮಲಿನ್ ಸೋಕದ ಶುದ್ಧ ಸಲೈನ್‌ನಲ್ಲಿ. ಎರಡನೆಯದು ತಡಮಾಡದೆ ಸೂಕ್ಷ್ಮಜೀವಿ ವಿಭಾಗಕ್ಕೆ ತಲುಪಬೇಕು. ಶಸ್ತ್ರಕ್ರಿಯೆಗೆ ಮೊದಲೇ 'ಕಲ್ಚರ್‌ಗೂ ಕಳಿಸುತ್ತೀರಾ?' ಎಂದು ಮನೆಯವರು ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಟ್ಟುಕೊಳ್ಳುವುದಿಲ್ಲ.

ಕೀವಿಗೂ ಇದೇ ಮಾತು. ಒಸರುವ ತೂತಿನ ಬಾಯಿಗೆ ಹತ್ತಿಕಡ್ಡಿ ಸವರಿದರೆ ಸಿಗುವುದು ಹೆಚ್ಚಾಗಿ ಚರ್ಮದ ಮೇಲಿನ ರೋಗಾಣುಗಳು. ಆಕ್ಟಿನೊಮೈಸಿಸ್ ಗಾಳಿಯನ್ನು ಸಹಿಸದ ಜಾತಿಯದು. ಸೂಜಿಯಿಂದ ಆಳದ ಕೀವನ್ನು ಎಳೆದು, ಗಾಳಿ ಸೋಕದಂತೆ ಕಳಿಸುವುದು ಉತ್ತಮ. ಸಾಮಾನ್ಯ ಕಲ್ಚರ್ ತಟ್ಟೆಗಳನ್ನು ಎರಡು ಮೂರು ದಿನದಲ್ಲಿ ನೋಡಿ 'ಏನೂ ಬೆಳೆದಿಲ್ಲ' ಎಂದು ವರದಿ ಬರೆಯುತ್ತಾರೆ. ಆಕ್ಟಿನೊಮೈಸಿಸ್ ಬೆಳೆಯಲು ಎರಡು ಮೂರು ವಾರ ಬೇಕಾಗಬಹುದು. ಕ್ಷಯಾಣುವಿಗಾದರೆ ದ್ರವ ಮಾಧ್ಯಮದಲ್ಲಿ ಆರು ವಾರದವರೆಗೂ ಕಾಯುತ್ತಾರೆ. ಹೀಗಾಗಿ ಏನನ್ನು ಹುಡುಕುತ್ತಿದ್ದೇವೆ ಎಂಬುದು ಚೀಟಿಯಲ್ಲಿ ಇರಲೇಬೇಕು.

ಎಷ್ಟೇ ಎಚ್ಚರ ವಹಿಸಿದರೂ ಆಕ್ಟಿನೊಮೈಸಿಸ್ ಅರ್ಧಕ್ಕಿಂತ ಹೆಚ್ಚು ಸಲ ಕಲ್ಚರ್‌ನಲ್ಲಿ ಬೆಳೆಯುವುದೇ ಇಲ್ಲ. ಮೊದಲೇ ನುಂಗಿದ ಆಂಟಿಬಯಾಟಿಕ್ ಅದಕ್ಕೆ ಒಂದು ಮುಖ್ಯ ಕಾರಣ. ಆಗ ಕೈಹಿಡಿಯುವುದು ಹಳದಿ ಕಾಳುಗಳು. ಈ ರೋಗದ ಕೀವಿನಲ್ಲಿ ರವೆಯ ಕಾಳಿನಂಥ ಸಣ್ಣ ಹಳದಿ ಕಣಗಳಿರುತ್ತವೆ. ಬಣ್ಣ ನೋಡಿ ಗಂಧಕದ ಕಾಳು ಎಂದು ಕರೆದರೂ ಅದರಲ್ಲಿ ಗಂಧಕವಿಲ್ಲ. ಅದು ರೋಗಾಣುಗಳು ಹೆಣೆದುಕೊಂಡ ಮುದ್ದೆ. ಕಾಳನ್ನು ಗಾಜಿನ ಮೇಲೆ ಒತ್ತಿ ಬಣ್ಣ ಹಾಕಿ ನೋಡಿದರೆ ಕವಲೊಡೆದ ಎಳೆಗಳು ಕಾಣುತ್ತವೆ. ಗಾಯದ ಪಟ್ಟಿ ಬಿಚ್ಚಿದಾಗ ಬಟ್ಟೆಯ ಮೇಲೆ ಇಂಥ ಕಾಳು ಕಂಡರೆ ತೊಳೆದು ಎಸೆಯಬೇಡಿ. ಪಟ್ಟಿಯ ಸಮೇತ ಶುದ್ಧ ಡಬ್ಬಿಯಲ್ಲಿಟ್ಟು ವೈದ್ಯರಿಗೆ ತೋರಿಸಿ.

ವೈದ್ಯರಿಗೆ ಇವನ್ನು ಹೇಳಿ

ಆಸ್ಪತ್ರೆಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡರೆ ಒಳ್ಳೆಯದು.

* ಗಂಟು ಮೊದಲು ಕಂಡದ್ದು ಯಾವಾಗ? ಏರಿಳಿತ ಇದೆಯೇ?
* ಕಳೆದ ಒಂದು ವರ್ಷದಲ್ಲಿ ಹಲ್ಲು ಕೀಳಿಸಿದ್ದು, ಬೇರುನಾಳದ ಚಿಕಿತ್ಸೆ, ದವಡೆಗೆ ಬಿದ್ದ ಪೆಟ್ಟು.
* ಇದುವರೆಗೆ ನುಂಗಿದ ಎಲ್ಲ ಮಾತ್ರೆಗಳ ಹೆಸರು, ಎಷ್ಟು ದಿನ. ಖಾಲಿ ಪಟ್ಟಿಗಳನ್ನೇ ಒಯ್ಯಿರಿ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಗುಂಪಿನ ಮಾತ್ರೆಗಳು ಕ್ಷಯವನ್ನು ತಾತ್ಕಾಲಿಕವಾಗಿ ಅಡಗಿಸಿ ಪತ್ತೆಯನ್ನು ತಡಮಾಡುತ್ತವೆ.
* ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಔಷಧಿ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧಿ.
* ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ?
* ಮಳೆಗಾಲದಲ್ಲಿ ಊರಿಗೆ ಹೋಗಿದ್ದು, ಗದ್ದೆ ಕೆಲಸ, ಕೆಸರಿನಲ್ಲಿ ಆದ ಗಾಯ.
* ತಂಬಾಕು, ಹೊಗೆಸೊಪ್ಪು ಬಳಕೆ. ಮುಚ್ಚಿಡಬೇಡಿ.

ಪಶ್ಚಿಮ ಬೆಂಗಳೂರಿನವರಿಗೆ ಇಂಥ ಪರೀಕ್ಷೆಗಾಗಿ ದೂರ ಅಲೆಯಬೇಕಾಗಿಲ್ಲ. ವಿಮೆ ಇರುವ ಕಾರ್ಮಿಕ ಕುಟುಂಬಗಳಿಗೆ ರಾಜಾಜಿನಗರದ ಇ.ಎಸ್.ಐ. ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕೆಂಗೇರಿಯ ಕಡೆಯವರಿಗೆ ಮೈಸೂರು ರಸ್ತೆಯ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. ಎಲ್ಲರಿಗೂ ಮಾರುಕಟ್ಟೆ ಬಳಿಯ ವಿಕ್ಟೋರಿಯಾ ಆಸ್ಪತ್ರೆ ಮತ್ತು ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇವೆ. ಗಂಟು ದವಡೆಯ ಸಮೀಪವಿದ್ದರೆ ದಂತವೈದ್ಯರನ್ನೂ ಕಾಣುವುದು ಅಗತ್ಯ.

ಪರೀಕ್ಷೆಗೆ ಕಾಯಬಾರದ ಸಂದರ್ಭಗಳು

ಮೇಲೆ ಹೇಳಿದ್ದು ನಿಧಾನವಾಗಿ ಬೆಳೆಯುವ ಗಂಟುಗಳ ವಿಷಯ. ಕೆಲವು ಸೋಂಕುಗಳಲ್ಲಿ ಕ್ರಮವೇ ತಿರುವುಮುರುವು. ಅಲ್ಲಿ ಮೊದಲು ಚಿಕಿತ್ಸೆ, ಆಮೇಲೆ ವರದಿ.

ಕೆಳದವಡೆಯ ಹಿಂದಿನ ಹಲ್ಲಿನ ಕೀವು ನಾಲಗೆಯ ಕೆಳಭಾಗಕ್ಕೆ ಹರಡುವುದನ್ನು 1836ರಲ್ಲಿ ವರ್ಣಿಸಿದ ಜರ್ಮನ್ ವೈದ್ಯರ ಹೆಸರಿನಲ್ಲೇ ಲುಡ್‌ವಿಗ್ ಬೇನೆ ಎನ್ನುತ್ತಾರೆ. ಗಲ್ಲದ ಕೆಳಗೆ ಎರಡೂ ಕಡೆ ಹಲಗೆಯಂಥ ಊತ, ನಾಲಗೆ ಮೇಲಕ್ಕೆ ಎತ್ತಿಕೊಳ್ಳುವುದು, ಬಾಯಿ ತೆರೆಯಲಾಗದೆ ಜೊಲ್ಲು ಸುರಿಯುವುದು, ಮಾತು ಅಸ್ಪಷ್ಟವಾಗುವುದು, ಮಲಗಿದರೆ ಉಸಿರು ಕಟ್ಟುವುದು ಇದರ ಲಕ್ಷಣ. ಗಂಟೆಗಳಲ್ಲೇ ಉಸಿರಿನ ದಾರಿ ಮುಚ್ಚಬಹುದು. ಬೆಳಗಾಗಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಮಗುವಿನ ಗಂಟಲಲ್ಲಿ ಬೂದು ಬಣ್ಣದ ಪೊರೆ, ಕುತ್ತಿಗೆ ಗೂಳಿಯಂತೆ ಊದಿದ್ದರೆ ಅದು ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಇರಬಹುದು. ಗಂಟಲ ದ್ರವವನ್ನು ಪರೀಕ್ಷೆಗೆ ಕಳಿಸಿ, ವರದಿಗೆ ಕಾಯದೆ ಪ್ರತಿವಿಷ ಕೊಡುತ್ತಾರೆ. ಇದಕ್ಕೆ ಲಸಿಕೆ ಇದೆ. 6, 10, 14ನೇ ವಾರ, ಮತ್ತೆ 16ರಿಂದ 24 ತಿಂಗಳೊಳಗೆ, 5-6ನೇ ವರ್ಷ, 10 ಮತ್ತು 16ನೇ ವರ್ಷ. ಕೊನೆಯ ಮೂರನ್ನು ಬಹಳ ಪೋಷಕರು ಮರೆಯುತ್ತಾರೆ.

ಗಂಟಲುನೋವು ಬಂದು ನಾಲ್ಕೈದು ದಿನಗಳ ನಂತರ ಕುತ್ತಿಗೆಯ ಒಂದೇ ಪಕ್ಕ ಊದಿ, ಮೈ ನಡುಗಿಸುವ ಜ್ವರ, ಎದೆನೋವು ಬಂದರೂ ಕೂಡಲೇ ಹೋಗಿ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ನಂಜು ಹೆಪ್ಪುಗಟ್ಟಿರಬಹುದು. ಫ್ರಾನ್ಸಿನ ಲೆಮಿಯೇರ್ 1936ರಲ್ಲಿ ವಿವರಿಸಿದ ಈ ರೋಗ ಹೆಚ್ಚಾಗಿ ಹರೆಯದವರಲ್ಲಿ ಕಾಣುತ್ತದೆ.

ಚಿಕಿತ್ಸೆ ದೀರ್ಘ, ಆದರೆ ಫಲವಿದೆ

ಆಕ್ಟಿನೊಮೈಕೋಸಿಸ್‌ಗೆ ಇಂದಿಗೂ ಪೆನಿಸಿಲಿನ್ನೇ ಮದ್ದು. ಅದು ಒಗ್ಗದವರಿಗೆ ಬೇರೆ ಔಷಧಿಗಳಿವೆ. ಮೊದಲು ಕೆಲವು ವಾರ ಚುಚ್ಚುಮದ್ದು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ರೋಗದ ಆಳ ನೋಡಿ ಅವಧಿಯನ್ನು ವೈದ್ಯರು ನಿರ್ಧರಿಸುತ್ತಾರೆ. ಮೆಲಿಯೊಯ್ಡೋಸಿಸ್‌ಗೂ ಕನಿಷ್ಠ ಎರಡು ವಾರ ರಕ್ತನಾಳದ ಮೂಲಕ ಔಷಧಿ, ನಂತರ ಸುಮಾರು ಮೂರು ತಿಂಗಳು ಮಾತ್ರೆ ಬೇಕು. ಊತ ಇಳಿದ ಕೂಡಲೇ ನಿಲ್ಲಿಸಿದರೆ ರೋಗ ಮರಳುತ್ತದೆ.

ತಡೆಯುವ ದಾರಿ ಕಠಿಣವೇನಲ್ಲ. ದಿನಕ್ಕೆ ಎರಡು ಸಲ ಹಲ್ಲುಜ್ಜುವುದು, ಹುಳುಕು ಹಲ್ಲಿಗೆ ಸಕಾಲದಲ್ಲಿ ಚಿಕಿತ್ಸೆ, ಸಕ್ಕರೆ ಹತೋಟಿ, ಮಳೆಗಾಲದಲ್ಲಿ ಗದ್ದೆಗೆ ಇಳಿಯುವಾಗ ಗಾಯಗಳನ್ನು ಮುಚ್ಚಿಕೊಳ್ಳುವುದು, ಮಕ್ಕಳಿಗೆ ಎಲ್ಲ ಸರದಿಯ ಲಸಿಕೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಹೆಸರು ತಿಳಿಯದ ಗಂಟಿಗೆ ಅಂಗಡಿಯ ಮಾತ್ರೆ ನುಂಗದಿರುವುದು. ಮೂರು ವಾರ ದಾಟಿದ ಗಂಟಿಗೆ ಮೊದಲು ಬೇಕಾದದ್ದು ಇನ್ನೊಂದು ಮಾತ್ರೆಯಲ್ಲ, ಒಂದು ಸೂಜಿ ಮತ್ತು ಎರಡು ಸೀಸೆ.